ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ

ಬೇಸಿಗೆ ರಜೆಗೆ ಮೈಸೂರಿನಿಂದ ಊಟಿ ಕಡೆಗೆ ಕಾರು ತಿರುಗಿಸುತ್ತಿದ್ದೀರಾ? ಸಂತೋಷ. ಆದರೆ ಪೆಟ್ರೋಲು ಉಳಿಯಲಿ ಎಂದು ಘಾಟಿ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವ ಚಾಳಿ ಇದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಹೊರಡಿ. ಗೇರಿನಲ್ಲಿಲ್ಲದ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅದು ವಿಪರೀತ ಕಾದರೆ ಎಷ್ಟು ತುಳಿದರೂ ಹಿಡಿಯುವುದಿಲ್ಲ. ಉಳಿತಾಯದ ಲೆಕ್ಕವೂ ಸುಳ್ಳೇ: ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲು ಹೋಗುವುದೇ ನಿಲ್ಲುತ್ತದೆ. ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಮಸಿನಗುಡಿ ಕಡೆಯ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಹತ್ತಿರದ ದಾರಿಯೆಂದು ಫೋನಿನ ನಕ್ಷೆ ನಂಬಿ ಅತ್ತ ಇಳಿಯಬೇಡಿ, ಗೂಡಲೂರಿನ ದಾರಿಯೇ ಸರಿ.

ಹೊರಡುವ ಮುನ್ನ ಇ-ಪಾಸ್ ಮಾಡಿಸಿ; ನೀಲಗಿರಿಗೆ ಅದು 2024ರ ಮೇ ತಿಂಗಳಿಂದ ಕಡ್ಡಾಯ. ಪ್ಲಾಸ್ಟಿಕ್ ನೀರಿನ ಬಾಟಲಿಗೂ ಅಲ್ಲಿ ನಿಷೇಧ, ಸ್ಟೀಲಿನದು ತುಂಬಿಸಿಕೊಳ್ಳಿ.

ಸಂಜೆ ‘ಇನ್ನೊಂದು ಟೀ’ ಅನ್ನುತ್ತ ಕೂರಬೇಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ಹಾಕುವುದರೊಳಗೆ ತಲುಪುವ ಆತುರದಲ್ಲಿರುವವರಿಗೇ ಆನೆ ಅಡ್ಡ ಬರುವುದು! ತಡವಾಯಿತೋ, ಮೇಲೆಯೇ ರೂಮು ಮಾಡಿ, ಮನೆಗೆ ಒಂದು ಫೋನು ಹಾಕಿಬಿಡಿ.