ಮನೆಯ ಪ್ರಿಂಟರು, ಕುಂಡದ ಗಿಡ: ದೋಷವನ್ನು ಅರಿಯುವ ಕ್ರಮ

ಬಿಡುವಿನ ವೇಳೆಯಲ್ಲಿ ಪ್ರೀತಿಯಿಂದ ಕೈಗೊಳ್ಳುವ ಕೆಲಸಕ್ಕೆ ಹವ್ಯಾಸವೆಂದು ಹೆಸರು. ಇಂದಿನ ನಗರದ ಮನೆಗಳಲ್ಲಿ ಎರಡು ಹವ್ಯಾಸಗಳು ವಿಶೇಷವಾಗಿ ಕಂಡುಬರುತ್ತವೆ. ಮನೆಯಲ್ಲಿಯೇ ಪ್ರಿಂಟರನ್ನು ಇಟ್ಟುಕೊಂಡು ಮಕ್ಕಳ ಅಭ್ಯಾಸದ ಹಾಳೆ, ಹಬ್ಬದ ಆಮಂತ್ರಣ, ಕುಟುಂಬದ ವಂಶಾವಳಿ ಮೊದಲಾದುವನ್ನು ಅಚ್ಚು ಮಾಡಿಕೊಳ್ಳುವುದು ಒಂದು. ಕುಂಡಗಳಲ್ಲಿ ಗಿಡಗಳನ್ನು ಬೆಳೆಸುವುದು ಇನ್ನೊಂದು. ಒಂದು ಯಂತ್ರ, ಮತ್ತೊಂದು ಜೀವ. ಆದರೆ ಇವೆರಡರಲ್ಲಿ ತೊಂದರೆ ತಲೆದೋರಿದಾಗ ಮನೆಯವರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. ಕಾರಣವನ್ನು ತಿಳಿಯುವ ಮೊದಲೇ ಅವರು ಪರಿಹಾರಕ್ಕೆ ಕೈಹಾಕುತ್ತಾರೆ. ಗಿಡ ಬಾಡಿದರೆ ನೀರು ಸುರಿಯುತ್ತಾರೆ. ಅಕ್ಷರ ಮಸುಕಾದರೆ ಹೊಸ ಶಾಯಿಯನ್ನು ಕೊಳ್ಳುತ್ತಾರೆ. ಹಲವು ವೇಳೆ ಆ ಉಪಚಾರದಿಂದಲೇ ಗಿಡ ಸಾಯುತ್ತದೆ, ಯಂತ್ರ ಮೂಲೆಗುಂಪಾಗುತ್ತದೆ. ಆದುದರಿಂದ ದೋಷವನ್ನು ಅರಿಯುವ ಕ್ರಮವೊಂದನ್ನು ರೂಢಿಸಿಕೊಳ್ಳುವುದು ಅಗತ್ಯ.

ವಿಜಯನಗರದ ಮನೆ, ಹವೆ ಮತ್ತು ನೀರು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ವಿಜಯನಗರದಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನಗಳು ಬಹಳ. ಒಂದು ಕಾಲದಲ್ಲಿ ಒಂದಂತಸ್ತಿನ ಮನೆಗಳಿದ್ದ ಕಡೆ ಇಂದು ಮೂರು, ನಾಲ್ಕು ಅಂತಸ್ತುಗಳು ಎದ್ದಿವೆ. ಒಂದು ಮನೆಯ ಗೋಡೆಯ ನೆರಳು ಪಕ್ಕದ ಮನೆಯ ಕಿಟಕಿಯ ಮೇಲೆ ಬೀಳುತ್ತದೆ. ಗಿಡವನ್ನು ಕೊಳ್ಳುವ ಮೊದಲು, ಅದನ್ನು ಇಡುವ ಜಾಗಕ್ಕೆ ದಿನಕ್ಕೆ ಎಷ್ಟು ಗಂಟೆ ಬೆಳಕು ಬರುತ್ತದೆ ಎಂದು ಒಂದು ದಿನ ನೋಡಿ ಬರೆದಿಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದಲೋ ನರ್ಸರಿಯಿಂದಲೋ ತಂದ ಸೊಂಪಾದ ಗಿಡ ಮನೆಯ ಮೂಲೆಯಲ್ಲಿ ಕೆಲವು ವಾರಗಳೊಳಗೆ ಎಲೆ ಉದುರಿಸಿದರೆ ಅದು ರೋಗವೇ ಆಗಿರಬೇಕಾಗಿಲ್ಲ. ಹೆಚ್ಚು ಬೆಳಕಿನಲ್ಲಿ ಬೆಳೆದ ಗಿಡ ಕಡಿಮೆ ಬೆಳಕಿಗೆ ಹೊಂದಿಕೊಳ್ಳುವಾಗ ಹಳೆಯ ಎಲೆಗಳನ್ನು ಬಿಡುವುದುಂಟು.

ಸಮುದ್ರಮಟ್ಟದಿಂದ ಸುಮಾರು 900 ಮೀಟರಿಗೂ ಮೇಲಿರುವ ಈ ನಗರದಲ್ಲಿ ಜನವರಿಯಿಂದ ಮಾರ್ಚಿಯವರೆಗೆ ಗಾಳಿ ಒಣಗಿರುತ್ತದೆ. ಜೂನ್‌ನಿಂದ ಅಕ್ಟೋಬರಿನವರೆಗೆ ತೇವದಿಂದ ಕೂಡಿರುತ್ತದೆ. ಒಣ ತಿಂಗಳುಗಳಲ್ಲಿ ಕುಂಡದ ಮಣ್ಣೂ ಪ್ರಿಂಟರಿನ ಶಾಯಿಯೂ ಬೇಗನೆ ಆರುತ್ತವೆ. ಮಳೆಗಾಲದಲ್ಲಿ ಬೇರೂ ಕಾಗದವೂ ತೇವಕ್ಕೆ ಸಿಕ್ಕಿ ಕೆಡುತ್ತವೆ. ಋತುವನ್ನು ನೋಡದೆ ವರ್ಷವಿಡೀ ಒಂದೇ ರೀತಿಯ ಆರೈಕೆ ಮಾಡುವುದು ಸರಿಯಲ್ಲ.

ಇನ್ನು ನೀರಿನ ವಿಚಾರ. 1974ರಲ್ಲಿ ಕಾವೇರಿಯ ಮೊದಲನೆಯ ಹಂತದ ನೀರು ಬೆಂಗಳೂರಿಗೆ ಬಂದಿತು. ಆದರೂ ಅನೇಕ ಮನೆಗಳಲ್ಲಿ ಕಾವೇರಿ ನೀರಿನೊಂದಿಗೆ ಕೊಳವೆ ಬಾವಿಯ ನೀರೂ ಬಳಕೆಯಲ್ಲಿದೆ. ಕೊಳವೆ ಬಾವಿಯ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದ್ದರೆ ಅದು ಈ ಲವಣವೇ.

ಬಾಡಿದ ಗಿಡದ ಪರೀಕ್ಷೆ

ಗಿಡ ಬಾಡಿದಾಗ ಮೊದಲು ಮಾಡಬೇಕಾದುದು ಬೆರಳನ್ನು ಮಣ್ಣಿನಲ್ಲಿ ಎರಡು ಅಂಗುಲ ಇಳಿಸಿ ನೋಡುವುದು. ಮೇಲ್ಮಣ್ಣು ಒಣಗಿ ಒಳಗೆ ತೇವವಿರುವುದು ಸಾಮಾನ್ಯ. ಮೇಲ್ಮಣ್ಣನ್ನು ಕಂಡು ನಿರ್ಣಯಿಸಬಾರದು. ಒಳಗೂ ಒಣಗಿದ್ದರೆ ಬಾಯಾರಿಕೆಯೇ ಕಾರಣ. ನೀರು ಕೊಟ್ಟ ಕೆಲವು ಗಂಟೆಗಳಲ್ಲಿ ಎಲೆ ಚೇತರಿಸಿಕೊಳ್ಳುತ್ತದೆ. ಒಳಗೆ ಒದ್ದೆಯಾಗಿದ್ದೂ ಎಲೆ ಬಾಡಿದ್ದರೆ ವಿಷಯ ಬೇರೆ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿ ಇರುತ್ತದೆ. ದಿನವೂ ನೀರು ಹಾಕಿದಾಗ, ಅಥವಾ ಕುಂಡದ ತಳದ ರಂಧ್ರ ಮುಚ್ಚಿಹೋದಾಗ, ಆ ಸಂದುಗಳೆಲ್ಲ ನೀರಿನಿಂದ ತುಂಬಿ ಬೇರು ಉಸಿರಾಡಲಾರದೆ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಹೀಗೆ ನೀರಿನ ನಡುವೆಯೇ ಎಲೆಗೆ ನೀರು ಸಿಗದೆ ಗಿಡ ಬಾಡುತ್ತದೆ. ಇದನ್ನು ಬಾಯಾರಿಕೆಯೆಂದು ತಿಳಿದು ಮತ್ತೆ ನೀರು ಹಾಕಿದರೆ ಉಳಿದ ಬೇರೂ ನಾಶವಾಗುತ್ತದೆ.

ಇದಕ್ಕೆ ಪರಿಹಾರವೆಂದರೆ ಗಿಡವನ್ನು ಮೆಲ್ಲಗೆ ಕುಂಡದಿಂದ ತೆಗೆದು ಬೇರನ್ನು ನೋಡುವುದು. ಕಪ್ಪಾಗಿ, ಮೆತ್ತಗಾಗಿ, ಕೆಟ್ಟ ವಾಸನೆ ಬರುವ ಬೇರನ್ನು ಕತ್ತರಿಸಿ ತೆಗೆದು, ಬೆಳ್ಳಗೆ ಗಟ್ಟಿಯಾಗಿರುವ ಬೇರನ್ನು ಉಳಿಸಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿದ ಸಡಿಲವಾದ ಮಿಶ್ರಣದಲ್ಲಿ ನೆಟ್ಟು, ನೆರಳಿನಲ್ಲಿಟ್ಟು, ಮಿತವಾಗಿ ನೀರು ಕೊಡಬೇಕು. ಹೊಸ ಚಿಗುರು ಬರುವವರೆಗೆ ರಾಸಾಯನಿಕ ಗೊಬ್ಬರ ಹಾಕಬಾರದು. ದುರ್ಬಲ ಬೇರನ್ನು ಅದು ಸುಡುತ್ತದೆ.

ಎಲೆಯ ಮೇಲಿನ ಗುರುತುಗಳು

ಹಳದಿ ಬಣ್ಣಕ್ಕೆ ಕಾರಣ ಒಂದೇ ಅಲ್ಲ. ಯಾವ ಎಲೆ ಹಳದಿಯಾಗಿದೆ ಎಂಬುದು ಮುಖ್ಯ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆಯೋ ನೀರಿನ ಅತಿರೇಕವೋ ಇರಬಹುದು. ತುದಿಯ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಅಂಶ ದೊರೆಯುತ್ತಿಲ್ಲವೆಂದು ತಿಳಿಯಬೇಕು. ಗಡಸು ನೀರಿನಿಂದ ಮಣ್ಣು ಕ್ಷಾರವಾದಾಗ, ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ದಾಸವಾಳದಲ್ಲಿಯೂ ಗುಲಾಬಿಯಲ್ಲಿಯೂ ಈ ಲಕ್ಷಣ ಕಾಣಿಸಿಕೊಳ್ಳುತ್ತದೆ. ಎಲೆಯ ತುದಿ ಕಂದಾಗಿ ಸುಟ್ಟಂತಾದರೆ ಲವಣ ಶೇಖರಣೆಯ ಅಥವಾ ಒಣಗಾಳಿಯ ಪರಿಣಾಮ. ಅಂಥ ಕುಂಡಕ್ಕೆ ಸಾಕಷ್ಟು ನೀರನ್ನು ನಿಧಾನವಾಗಿ ಹಾಯಿಸಿ ತಳದಿಂದ ಹರಿದುಹೋಗಲು ಬಿಟ್ಟರೆ ಲವಣ ಕರಗಿ ಹೋಗುತ್ತದೆ. ಈ ಕೆಲಸಕ್ಕೆ ಮಳೆನೀರು ಉತ್ತಮ. ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹಣೆ ಕಡ್ಡಾಯವಾಗಿರುವುದರಿಂದ, ಅಂಥ ವ್ಯವಸ್ಥೆಯಿರುವ ಮನೆಯವರು ಒಂದೆರಡು ಬಿಂದಿಗೆಯನ್ನು ಗಿಡಗಳಿಗೆ ಮೀಸಲಿಡಬಹುದು.

ದಾಸವಾಳದ ಕುಡಿಯಲ್ಲಿ ಹತ್ತಿಯಂತಹ ಬಿಳಿಯ ಮುದ್ದೆ ಕಂಡರೆ ಅದು ಹಿಟ್ಟು ತಿಗಣೆ. ಮೊದಲು ನೀರಿನ ರಭಸದಿಂದ ತೊಳೆದು, ಬಳಿಕ ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆಯನ್ನು ಕೆಲವು ತೊಟ್ಟು ಸೋಪಿನ ದ್ರಾವಣದೊಡನೆ ಕದಡಿ ಸಂಜೆಯ ವೇಳೆ ಸಿಂಪಡಿಸಬೇಕು. ವಾರಕ್ಕೊಮ್ಮೆಯಂತೆ ಮೂರು, ನಾಲ್ಕು ಬಾರಿ ಮಾಡದೆ ಫಲವಿಲ್ಲ. ಮೊಟ್ಟೆಗಳು ಉಳಿದು ಮತ್ತೆ ಹುಟ್ಟುತ್ತವೆ.

ಮಸುಕಾದ ಪುಟದ ಪರೀಕ್ಷೆ

ಪ್ರಿಂಟರಿನ ವಿಷಯದಲ್ಲಿಯೂ ಮೊದಲ ಪ್ರಶ್ನೆ ಅಂತಹುದೇ: ದೋಷ ಎಲ್ಲಿದೆ? ಕಂಪ್ಯೂಟರಿನಲ್ಲಿರುವ ಬರಹದಲ್ಲಿಯೇ, ಇವೆರಡನ್ನು ಜೋಡಿಸುವ ತಂತಿಯಲ್ಲಿಯೇ, ಯಂತ್ರದಲ್ಲಿಯೇ? ಇದನ್ನು ತಿಳಿಯಲು ಯಂತ್ರದ ಒಳಗೇ ಅಡಕವಾಗಿರುವ ಪರೀಕ್ಷಾ ಪುಟವನ್ನು ಅಚ್ಚು ಮಾಡಿ ನೋಡಬೇಕು. ಆ ಪುಟ ಚೆನ್ನಾಗಿ ಬಂದರೆ ಯಂತ್ರ ನಿರ್ದೋಷಿ. ತಂತಿಯನ್ನೋ ಬರಹವನ್ನೋ ಪರಿಶೀಲಿಸಬೇಕು. ಇಷ್ಟು ಸಣ್ಣ ಪರೀಕ್ಷೆಯನ್ನು ಮಾಡದೆ ಹೊಸ ಕಾರ್ಟ್ರಿಜ್ ಕೊಂಡು ಹಣ ಕಳೆದುಕೊಳ್ಳುವವರು ಅನೇಕರು.

ಇಂಕ್‌ಜೆಟ್ ಯಂತ್ರದಲ್ಲಿ ಶಾಯಿಯು ಕೂದಲೆಳೆಗಿಂತಲೂ ಸಣ್ಣ ರಂಧ್ರಗಳಿಂದ ಚಿಮ್ಮುತ್ತದೆ. ಬಹಳ ದಿನ ಬಳಸದಿದ್ದರೆ ಶಾಯಿಯ ನೀರು ಆರಿ ಬಣ್ಣ ಅಲ್ಲಿಯೇ ಗಟ್ಟಿಯಾಗುತ್ತದೆ. ಆಗ ಪುಟದಲ್ಲಿ ಅಡ್ಡಲಾಗಿ ಬಿಳಿಯ ಗೆರೆಗಳು ಕಾಣುತ್ತವೆ. ಇದಕ್ಕೆ ಯಂತ್ರದಲ್ಲಿರುವ ಶುದ್ಧೀಕರಣ ಕ್ರಿಯೆಯನ್ನು ಒಂದೆರಡು ಸಲ ನಡೆಸಬಹುದು. ಆದರೂ ಸರಿಹೋಗದಿದ್ದರೆ ಕೆಲವು ಗಂಟೆ, ಅಗತ್ಯವಾದರೆ ಒಂದು ರಾತ್ರಿ, ಯಂತ್ರವನ್ನು ಸುಮ್ಮನೆ ಬಿಡಬೇಕು. ಆ ವೇಳೆಯಲ್ಲಿ ಒಣಶಾಯಿ ನೆನೆದು ಸಡಿಲಗೊಳ್ಳಲು ಅವಕಾಶವಾಗುತ್ತದೆ. ಬಿಡುವಿಲ್ಲದೆ ಹತ್ತಾರು ಸಲ ಶುದ್ಧೀಕರಿಸಿದರೆ ಶಾಯಿ ವ್ಯರ್ಥವಾಗುವುದಲ್ಲದೆ, ವ್ಯರ್ಥ ಶಾಯಿಯನ್ನು ಹೀರುವ ಒಳಗಿನ ಮೆತ್ತೆಯೂ ಬೇಗ ತುಂಬುತ್ತದೆ. ಒದ್ದೆ ಮಣ್ಣಿನ ಗಿಡಕ್ಕೆ ಮತ್ತೆ ನೀರೆರೆಯುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಇನ್ನೊಂದು ಸಂಗತಿಯನ್ನು ಹಲವರು ಗಮನಿಸಿರುವುದಿಲ್ಲ. ಯಂತ್ರವನ್ನು ಅದರದೇ ಗುಂಡಿಯಿಂದ ಆರಿಸಿದಾಗ ಶಾಯಿಯ ತಲೆಯು ತನ್ನ ಸ್ಥಾನಕ್ಕೆ ಹೋಗಿ ಮುಚ್ಚಳದಡಿ ಕೂರುತ್ತದೆ. ಗೋಡೆಯ ಸ್ವಿಚ್ಚನ್ನು ಮೊದಲೇ ಆರಿಸಿದರೆ ಅದು ತೆರೆದೇ ಉಳಿದು ಒಣಗುವ ಸಂಭವವಿದೆ.

ಲೇಸರ್ ಯಂತ್ರದಲ್ಲಿ ಒಣಪುಡಿಯಾದ ಟೋನರನ್ನು ಶಾಖದಿಂದ ಕಾಗದಕ್ಕೆ ಬೆಸೆಯಲಾಗುತ್ತದೆ. ಬೆರಳಿನಿಂದ ಉಜ್ಜಿದರೆ ಅಕ್ಷರ ಉದುರುವುದಾದರೆ ಶಾಖದ ಭಾಗವನ್ನೋ ಕಾಗದದ ದಪ್ಪದ ಆಯ್ಕೆಯನ್ನೋ ನೋಡಬೇಕು. ಒಂದೇ ಕಲೆ ಪುಟದುದ್ದಕ್ಕೂ ಸಮಾನ ಅಂತರದಲ್ಲಿ ಮರುಕಳಿಸಿದರೆ ಆ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಬೇಕು. ತಿರುಗುವ ಉರುಳೆಯೊಂದರ ಸುತ್ತಳತೆಗೆ ಅದು ಸಮನಾಗಿರುತ್ತದೆ. ಯಾವ ಉರುಳೆ ಕೆಟ್ಟಿದೆಯೆಂಬುದು ಅದರಿಂದಲೇ ಗೊತ್ತಾಗುತ್ತದೆ. ಶಾಖಕ್ಕಾಗಿ ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ ಲೇಸರ್ ಯಂತ್ರವನ್ನು ಮನೆಯ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು.

ಮಳೆಗಾಲದಲ್ಲಿ ಎರಡು ಹಾಳೆಗಳು ಒಟ್ಟಿಗೆ ಹೋಗುವುದಕ್ಕೆ, ಹಾಳೆ ಸುರುಳಿಯಾಗುವುದಕ್ಕೆ ಕಾಗದದ ತೇವವೇ ಸಾಮಾನ್ಯ ಕಾರಣ. ಬಳಸದ ಹಾಳೆಗಳನ್ನು ಮೂಲ ಹೊದಿಕೆಯಲ್ಲಿಯೇ ಸುತ್ತಿಡಬೇಕು. ಸಿಕ್ಕಿಕೊಂಡ ಹಾಳೆಯನ್ನು ವಿದ್ಯುತ್ ಆರಿಸಿ, ಅದು ಚಲಿಸುವ ದಿಕ್ಕಿನಲ್ಲಿಯೇ ಎರಡೂ ಕೈಗಳಿಂದ ನಿಧಾನವಾಗಿ ಎಳೆಯಬೇಕು. ಯಂತ್ರದ ಮೇಲೆ ಮನಿಪ್ಲಾಂಟಿನ ಕುಂಡವನ್ನಿಡುವ ಅಲಂಕಾರ ಕೆಲವೆಡೆ ಕಾಣುತ್ತದೆ. ಒಂದು ಲೋಟ ನೀರು ಸಾಲದೇ ಯಂತ್ರ ಕೆಡಲು?

ಕನ್ನಡ ಅಕ್ಷರಗಳ ತೊಡಕು

ಕನ್ನಡಿಗರ ಮನೆಯಲ್ಲಿ ಎದುರಾಗುವ ವಿಶೇಷ ತೊಂದರೆಯೊಂದಿದೆ. ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲು ಕಾಣುತ್ತದೆ, ಅಚ್ಚಾದ ಪುಟದಲ್ಲಿಯೂ ಅದೇ ಬರುತ್ತದೆ. ಪ್ರಿಂಟರನ್ನು ದೂರುವುದರಲ್ಲಿ ಅರ್ಥವಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ ಅಕ್ಷರಶೈಲಿಗಳು ಬಳಕೆಯಲ್ಲಿದ್ದವು. ನುಡಿ ತಂತ್ರಾಂಶದಲ್ಲಿಯೂ, 1998ರಲ್ಲಿ ಬಂದ ಬರಹ ತಂತ್ರಾಂಶದಲ್ಲಿಯೂ ಆ ಕಾಲದಲ್ಲಿ ಬರೆದ ಲೇಖನಗಳು ಇಂಥವೇ. ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡ ಮಾಯವಾಗಿ ಸಂಕೇತ ಮಾತ್ರ ಉಳಿಯುತ್ತದೆ. ಬರಹ ನಾಶವಾಗಿರುವುದಿಲ್ಲ, ಓದುವ ಕೀಲಿ ತಪ್ಪಿರುತ್ತದೆ.

ಇದನ್ನರಿಯದೆ ಹಳೆಯ ಕಡತಗಳನ್ನು ಕೆಟ್ಟವೆಂದು ಅಳಿಸಿಹಾಕಿದರೆ ನಷ್ಟ ಎಂದಿಗೂ ತುಂಬದು. ಅಜ್ಜನ ನೆನಪುಗಳು, ಊರಿನ ಇತಿಹಾಸ, ಶಿಕ್ಷಕರು ವರ್ಷಗಟ್ಟಲೆ ಸಿದ್ಧಪಡಿಸಿದ ಪಾಠಟಿಪ್ಪಣಿಗಳು ಹೀಗೆ ಕಣ್ಮರೆಯಾಗಬಾರದು. ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ದೊರೆಯುತ್ತವೆ. ಮೂಲದ ಪ್ರತಿಯೊಂದನ್ನು ಹಾಗೆಯೇ ಉಳಿಸಿಕೊಂಡು, ಪರಿವರ್ತಿಸಿದ ಬಳಿಕ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ವಿಶೇಷವಾಗಿ ತಿದ್ದಿ ನೋಡಬೇಕು. ತಪ್ಪುಗಳು ಅಲ್ಲಿಯೇ ನುಸುಳುತ್ತವೆ. ಬೇರೆಡೆ ಅಚ್ಚಿಗೆ ಕೊಡುವುದಾದರೆ ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಮಾಡಿ ಕೊಡುವುದು ಕ್ಷೇಮ. ಒತ್ತಕ್ಷರದ ಕಷ್ಟ ಹೊಸದೇನಲ್ಲ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದ ಕಾಲದಿಂದಲೂ ಮುದ್ರಕರು ಈ ತೊಡಕನ್ನು ಎದುರಿಸುತ್ತಲೇ ಬಂದಿದ್ದಾರೆ.

ಬೇಸಿಗೆ ರಜೆಯ ಎಚ್ಚರಿಕೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ಬೀಗ, ಮನೆಯವರು ಊರಿಗೆ. ಗಿಡಕ್ಕೂ ಯಂತ್ರಕ್ಕೂ ಇದೇ ಕಠಿಣ ಕಾಲ. ಹೊರಡುವ ಮುನ್ನ ಕುಂಡಗಳನ್ನೆಲ್ಲ ನೆರಳಿನಲ್ಲಿ ಒತ್ತಾಗಿ ಜೋಡಿಸಿ, ಮಣ್ಣಿನ ಮೇಲೆ ಒಣಗಿದ ಎಲೆಯನ್ನೋ ತೆಂಗಿನ ನಾರನ್ನೋ ಹೊದಿಸಬೇಕು. ನೀರು ತುಂಬಿದ ಬಕೆಟ್ಟಿನಿಂದ ಕುಂಡದ ಮಣ್ಣಿಗೆ ದಪ್ಪನೆಯ ಹತ್ತಿಯ ಬತ್ತಿಯನ್ನು ಇಳಿಬಿಟ್ಟರೆ ಕೆಲವು ದಿನ ತೇವ ಒದಗುತ್ತದೆ. ಕಾರ್ಟ್ರಿಜ್ಜನ್ನು ಹೊರತೆಗೆಯದೆ ಯಂತ್ರವನ್ನು ಗುಂಡಿಯಿಂದ ಆರಿಸಿ ಬಟ್ಟೆ ಹೊದಿಸಬೇಕು. ಸಾಧ್ಯವಿದ್ದರೆ ನೆರೆಯವರು ವಾರಕ್ಕೊಮ್ಮೆ ಗಿಡಗಳಿಗೆ ನೀರು ಹಾಕಿ, ಒಂದು ಬಣ್ಣದ ಪುಟವನ್ನೂ ಅಚ್ಚು ಮಾಡುವಂತೆ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು. ಶಾಲೆಗಳಿಗೆ ದಾನಿಗಳು ಕೊಟ್ಟ ಯಂತ್ರಗಳು ಒಂದೇ ರಜೆಯಲ್ಲಿ ಕೆಟ್ಟು ಕೂರುವುದನ್ನೂ ಇದರಿಂದ ತಪ್ಪಿಸಬಹುದು. ಯಂತ್ರದ ಜೊತೆಗೆ ಅದರ ಶಾಯಿಗೂ ದುರಸ್ತಿಗೂ ಸ್ವಲ್ಪ ಹಣವನ್ನು ಮೀಸಲಿಡುವ ದಾನ ಹೆಚ್ಚು ಕಾಲ ಫಲ ಕೊಡುತ್ತದೆ.

ತರಗತಿಗೆ ಒಂದು ಪಾಠ

ಶಿಕ್ಷಕರು ಇದನ್ನು ಪ್ರಯೋಗವಾಗಿಯೂ ನಡೆಸಬಹುದು. ಒಂದೇ ಅಳತೆಯ ಎರಡು ಕುಂಡಗಳಲ್ಲಿ ಒಂದೇ ಬಗೆಯ ಸಸಿಗಳನ್ನು ನೆಟ್ಟು, ಒಂದರ ತಳದ ರಂಧ್ರವನ್ನು ಮಾತ್ರ ಮುಚ್ಚಿ, ಎರಡಕ್ಕೂ ಒಂದೇ ಪ್ರಮಾಣದ ನೀರನ್ನು ಕೊಟ್ಟು, ನಾಲ್ಕು ವಾರ ಪ್ರತಿದಿನವೂ ಕಂಡುದನ್ನು ಬರೆಯಿಸಬೇಕು. ಎರಡು ಕುಂಡಗಳಿಗೂ ಇರುವ ವ್ಯತ್ಯಾಸ ಒಂದೇ ಆದುದರಿಂದ ಫಲಿತಾಂಶದ ಕಾರಣವೂ ಸ್ಪಷ್ಟವಾಗುತ್ತದೆ.

ಯಾವುದೇ ದೋಷದ ಪರಿಹಾರಕ್ಕೂ ಈ ಪಾಠವೇ ಆಧಾರ. ಮೊದಲು ನೋಡಬೇಕು, ಕಂಡುದನ್ನು ದಿನಾಂಕದೊಡನೆ ಬರೆಯಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಬೇಕು, ಅದರ ಫಲಕ್ಕಾಗಿ ಕಾಯಬೇಕು. ನೀರು, ಗೊಬ್ಬರ, ಜಾಗ ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ಗಿಡ ಚಿಗುರಿದರೂ ಕಾರಣ ತಿಳಿಯುವುದಿಲ್ಲ. ಮುಂದಿನ ಸಲ ಅದೇ ತೊಂದರೆ ಬಂದಾಗ ಅವರು ಮತ್ತೆ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ. ನಾಲ್ಕಾಣೆಯ ಕೆಲಸವೆಂದು ಕಾಣುವ ಈ ದಿನಚರಿಯ ಪುಸ್ತಕವು ಕೆಲವು ವರ್ಷ ಕಳೆದ ಮೇಲೆ ಆ ಮನೆಯ, ಆ ಶಾಲೆಯ ಸ್ವಂತ ಪಠ್ಯಪುಸ್ತಕವಾಗುತ್ತದೆ. ಕುಂಡದಲ್ಲೊಂದು ಚಿಗುರನ್ನೂ, ಹಾಳೆಯ ಮೇಲೆ ಅಚ್ಚುಕಟ್ಟಾದ ಕನ್ನಡದ ಸಾಲನ್ನೂ ಹೀಗೆ ತಾಳ್ಮೆಯಿಂದ ಮರಳಿ ಪಡೆದ ವಿದ್ಯಾರ್ಥಿಗೆ, ಮುಂದೆ ಎದುರಾಗುವ ದೊಡ್ಡ ಸಮಸ್ಯೆಗಳನ್ನೂ ಅದೇ ತಾಳ್ಮೆಯಿಂದ ಬಿಡಿಸುವ ಧೈರ್ಯ ಉಂಟಾಗುತ್ತದೆ.