ಅಮೋನಿಯಾ ಘಟಕದಲ್ಲಿ ರಿಡಕ್ಷನ್: ಕೆಲವು ಪಾಠಗಳು

ಗೊಬ್ಬರ ಕಾರ್ಖಾನೆಯ ಅಮೋನಿಯಾ ಘಟಕಕ್ಕೆ ಕ್ಯಾಟಲಿಸ್ಟ್ ಬರುವುದು ಬಹುಪಾಲು ಆಕ್ಸೈಡ್ ರೂಪದಲ್ಲಿ. ಹೈಡ್ರೋಜನ್ ಹಾಯಿಸಿ ಅದರ ಆಮ್ಲಜನಕ ತೆಗೆದ ಮೇಲೆಯೇ ಅದಕ್ಕೆ ಜೀವ. ರಿಡಕ್ಷನ್ ಎಂಬ ಆ ಕೆಲವು ದಿನಗಳ ಕೆಲಸದ ಮೇಲೆ ಮುಂದಿನ ಹಲವು ವರ್ಷಗಳ ಉತ್ಪಾದನೆ ನಿಂತಿದೆ. ಪಾಳಿಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಹೇಳುವುದಿಷ್ಟು.

1. ಲೋ ಟೆಂಪರೇಚರ್ ಶಿಫ್ಟ್‌ನ ತಾಮ್ರದ ಆಕ್ಸೈಡ್ ರಿಡ್ಯೂಸ್ ಆಗುವಾಗ ತಾನೇ ಶಾಖ ಬಿಡುತ್ತದೆ. ಸಾರಜನಕದಲ್ಲಿ ಹೈಡ್ರೋಜನ್ ಶೇ. 1ರಷ್ಟಿದ್ದರೆ ಬೆಡ್ಡಿನ ತಾಪ ಸುಮಾರು 28 ಡಿಗ್ರಿ ಏರುತ್ತದೆ. 180 ಡಿಗ್ರಿಯಲ್ಲಿ ಶುರುಮಾಡಿ ಆರಂಭದಲ್ಲೇ ಶೇ. 2 ಬಿಟ್ಟರೆ 236. ನಾವು ಇಟ್ಟುಕೊಳ್ಳುವ 230ರ ಮಿತಿ ದಾಟಿತು. 250 ಮೀರಿದರಂತೂ ತಾಮ್ರದ ಸೂಕ್ಷ್ಮ ಹರಳುಗಳು ಕೂಡಿಕೊಂಡು ದಪ್ಪವಾಗುತ್ತವೆ. ಹೋದ ಮೇಲ್ಮೈ ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಬರದು. ಯಾವುದೇ ಥರ್ಮೋಕಪಲ್ ಜಿಗಿದರೆ ಮೊದಲು ಹೈಡ್ರೋಜನ್ ಮುಚ್ಚಿ. ಸಾರಜನಕದ ಹರಿವು ಮಾತ್ರ ನಿಲ್ಲಬಾರದು, ಶಾಖವನ್ನು ಹೊತ್ತೊಯ್ಯುವುದು ಅದೇ.

2. ಸಂಶ್ಲೇಷಣೆಯ ಕನ್ವರ್ಟರಿನಲ್ಲಿ ಮಾತು ಬೇರೆ. ಅಲ್ಲಿರುವುದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್. ನೂರು ವರ್ಷಕ್ಕೂ ಹಿಂದೆ ಬಿಎಎಸ್‌ಎಫ್‌ನಲ್ಲಿ ಆಲ್ವಿನ್ ಮಿಟಾಷ್ ತಂಡ ಸ್ವೀಡನ್ನಿನ ಅದಿರಿನಲ್ಲಿ ಕಂಡುಕೊಂಡ ಕ್ಯಾಟಲಿಸ್ಟಿನ ವಂಶವೇ ಇದು. ಅದರ ರಿಡಕ್ಷನ್ ಶಾಖ ಹೀರುತ್ತದೆ, ಭಯ ನೀರಿನದು. 100 ಕಿಲೋ ಮ್ಯಾಗ್ನಟೈಟ್ ಸುಮಾರು 31 ಕಿಲೋ ನೀರು ಬಿಡುತ್ತದೆ. ಆ ಆವಿ ಆಗಲೇ ಹುಟ್ಟಿದ ಕಬ್ಬಿಣದ ಮೇಲೆ ಹಾಯ್ದರೆ ಅದು ಮತ್ತೆ ಆಕ್ಸೈಡ್ ಆಗುತ್ತದೆ. ಹೀಗೆ ಹಿಂದೆ ಮುಂದೆ ಆದಷ್ಟೂ ಹರಳು ಬೆಳೆದು ಚಟುವಟಿಕೆ ಕುಗ್ಗುತ್ತದೆ. ಆದ್ದರಿಂದ ಅನಿಲದ ಹರಿವು ಜೋರಾಗಿರಲಿ, ಮೇಲಿನ ಬೆಡ್ ಮುಗಿಯುವ ತನಕ ಕೆಳಗಿನದನ್ನು ತಣ್ಣಗಿಡಿ. ಹೊರಬರುವ ಅನಿಲದ ತೇವಾಂಶ ಇಳಿದ ಮೇಲೆಯೇ ತಾಪ ಏರಿಸಿ. ಬಸಿದ ನೀರನ್ನು ಪ್ರತಿ ಸಲ ತೂಗಿ ಬರೆದಿಡಿ. ಎಷ್ಟು ಕೆಲಸ ಮುಗಿದಿದೆ ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಲೆಕ್ಕ ನನಗೆ ಗೊತ್ತಿಲ್ಲ.

3. ಹೈ ಟೆಂಪರೇಚರ್ ಶಿಫ್ಟ್‌ನಲ್ಲಿ ಅರ್ಧಕ್ಕೇ ನಿಲ್ಲಬೇಕು. ಹೆಮಟೈಟ್ ಮ್ಯಾಗ್ನಟೈಟ್ ಆದರೆ ಸಾಕು. ಆವಿ ಕಡಿಮೆಯಾದರೆ ಲೋಹದ ಕಬ್ಬಿಣವೇ ಹುಟ್ಟಿ ಬೆಡ್ಡಿನಲ್ಲಿ ಇಂಗಾಲ ಕೂರುತ್ತದೆ. ಕನ್ವರ್ಟರಿನಲ್ಲಿ ಕಾಡುವ ಆವಿ ಇಲ್ಲಿ ಕಾಯುತ್ತದೆ.

4. ರಿಡ್ಯೂಸ್ ಆದ ತಾಮ್ರಕ್ಕಾಗಲಿ ಕಬ್ಬಿಣಕ್ಕಾಗಲಿ ಗಾಳಿ ತಾಗಿಸಬೇಡಿ. ತಾನೇ ಹೊತ್ತಿಕೊಳ್ಳುತ್ತದೆ.

5. ಬೇಗ ಮುಗಿಸಿ ಎಂಬ ಫೋನ್ ಬಂದೇ ಬರುತ್ತದೆ. ಒಳಹೋಗುವ ಹೈಡ್ರೋಜನ್ ಪ್ರಮಾಣವೂ ಹೊರಬರುವುದೂ ಸಮನಾಗುವ ತನಕ ತಾಮ್ರದ ಬೆಡ್ಡನ್ನು ಲೈನಿಗೆ ಕೊಡಬೇಡಿ. ಕೇಳಿದವರಿಗೆ ವಿಶ್ಲೇಷಣೆಯ ಹಾಳೆ ತೋರಿಸಿ.