ಹೊಸ ಮೀನಿನ ಬೆನ್ನು ಡೊಂಕು, ಏನು ಮಾಡಲಿ?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆಂದು ಗಪ್ಪಿ ಮೀನುಗಳನ್ನು ತಂದೆವು. ಮನೆಗೆ ಬಂದು ತೊಟ್ಟಿಗೆ ಬಿಟ್ಟ ಮೇಲೆ ನೋಡಿದರೆ ಒಂದು ಹೆಣ್ಣು ಗಪ್ಪಿಯ ಬೆನ್ನು ಬಾಲದ ಬುಡದಲ್ಲಿ ಸೊಟ್ಟಗಿದೆ. ಚೆನ್ನಾಗಿ ತಿನ್ನುತ್ತದೆ, ಈಜುವಾಗ ಕೊಂಚ ಓಲಾಡುತ್ತದೆ. ಅಂಗಡಿಯವರನ್ನು ಕೇಳಿದರೆ ‘ಕಲ್ಲುಪ್ಪು, ನೀಲಿ ಹನಿ ಹಾಕಿ, ಸರಿಹೋಗುತ್ತೆ’ ಅಂದರು. ನಿಜವೇ? ಬೇರೆ ಮೀನುಗಳಿಗೂ ಅಂಟುತ್ತದೆಯೇ?
- ಓದುಗರು, ದಾವಣಗೆರೆ

ಉತ್ತರ: ಸರಿಹೋಗುವುದಿಲ್ಲ. ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಹನಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದಿಷ್ಟು ಉಪ್ಪನ್ನು ಗಪ್ಪಿ ತಾಳಿಕೊಳ್ಳುತ್ತದೆ, ಆ ಭಯ ಬೇಡ. ಆದರೆ ನೀಲಿ ಹನಿ, ಅಂದರೆ ಮೆಥಿಲೀನ್ ಬ್ಲೂ, ಫಿಲ್ಟರಿನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಹಾಳುಮಾಡಿ ನೀರಿನಲ್ಲಿ ಅಮೋನಿಯಾ ಏರಿಸಬಹುದು. ಡೊಂಕು ಡೊಂಕಾಗಿಯೇ ಉಳಿದು, ಜತೆಗೆ ಹೊಸ ತೊಂದರೆಯೊಂದು ಸೇರಿಕೊಳ್ಳುತ್ತದೆ. ಹಾಗಾಗಿ ಸದ್ಯಕ್ಕೆ ಏನನ್ನೂ ಹಾಕಬೇಡಿ. ನೋಡಿ, ಅಷ್ಟೆ.

ನೋಡುವುದಕ್ಕೂ ಒಂದು ಕ್ರಮವಿದೆ. ಮೇಲಿನಿಂದ ನೋಡಿದಾಗ ಮೈ ಎಡಕ್ಕೋ ಬಲಕ್ಕೋ ಹಾವಿನಂತೆ ತಿರುಗಿದೆಯೇ, ಪಕ್ಕದಿಂದ ನೋಡಿದಾಗ ಗೂನಾಗಿದೆಯೇ ಅಥವಾ ತಗ್ಗಾಗಿದೆಯೇ? ಹೊಟ್ಟೆ ತುಂಬಿಕೊಂಡಿದೆಯೇ, ಒಳಗೆ ಸೇದಿಕೊಂಡಂತಿದೆಯೇ? ತುಂಬು ಬಸುರಿ ಗಪ್ಪಿಯ ಬೆನ್ನು ಕೊಂಚ ಬಾಗಿದಂತೆ ಕಾಣುವುದೂ ಉಂಟು. ಗುದದ್ವಾರದ ಬಳಿ ಕಪ್ಪು ಮಚ್ಚೆ ದಟ್ಟವಾಗಿದ್ದು ಹೊಟ್ಟೆ ಚೌಕಾಕಾರಕ್ಕೆ ಬಂದಿದ್ದರೆ ಮರಿ ಹಾಕುವವರೆಗೆ ಕಾದು ಮತ್ತೆ ನೋಡಿ. ತೊಟ್ಟಿಯ ಗಾಜಿಗೆ ಹೊರಗಿನಿಂದ ಒಂದು ಸ್ಕೇಲ್ ಅಂಟಿಸಿ, ವಾರಕ್ಕೊಮ್ಮೆ ಮೀನು ಅದರ ಮುಂದೆ ಬಂದಾಗ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಡೊಂಕು ಇದ್ದಷ್ಟೇ ಇದೆಯೋ ಹೆಚ್ಚುತ್ತಿದೆಯೋ ಎನ್ನುವ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ರೋಗನಿರ್ಣಯ ಆದಂತೆಯೇ.

ಇದ್ದಷ್ಟೇ ಇದ್ದರೆ ಅದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಬಣ್ಣ, ಬಾಲದ ಆಕಾರ ಕೆಡದಿರಲೆಂದು ಸಾಕಣೆ ಕೇಂದ್ರಗಳಲ್ಲಿ ಒಂದೇ ವಂಶದ ಮೀನುಗಳನ್ನು ತಮ್ಮತಮ್ಮಲ್ಲೇ ಕೂಡಿಸುತ್ತಾರೆ. ಅಡಗಿದ್ದ ದೋಷಗಳು ಆಗ ಹೊರಗೆ ಬರುತ್ತವೆ. ಬೆನ್ನು ಬಾಗುವ ಗಪ್ಪಿಗಳ ಒಂದು ವಂಶವನ್ನೇ ವಿಜ್ಞಾನಿಗಳು ಬೆಳೆಸಿ, ಹದಿಹರೆಯದ ಮಕ್ಕಳಲ್ಲಿ ಕಾರಣ ತಿಳಿಯದೆ ಬೆನ್ನುಮೂಳೆ ಪಕ್ಕಕ್ಕೆ ವಾಲುವ ತೊಂದರೆಯನ್ನು ಅರಿಯಲು ಬಳಸಿದ್ದಾರೆ. ಇಂಥ ಡೊಂಕು ಅಂಟುರೋಗವಲ್ಲ. ಮೀನು ತಿಂದುಂಡು ಓಡಾಡಿಕೊಂಡಿದ್ದರೆ ಅದರ ಪಾಡಿಗೆ ಬದುಕಲು ಬಿಡಿ. ಮರಿ ಮಾಡಿಸುವುದು ಮಾತ್ರ ಬೇಡ. ಗಂಡುಗಳಿಂದ ಬೇರ್ಪಡಿಸಿದರೆ ಸಾಕು ಅಂದುಕೊಳ್ಳಬೇಡಿ. ಹೆಣ್ಣು ಗಪ್ಪಿ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಂಡು ಗಂಡಿಲ್ಲದೆಯೂ ಮತ್ತೆ ಮತ್ತೆ ಮರಿ ಹಾಕುತ್ತದೆ. ಆ ಮರಿಗಳನ್ನು ಹಂಚುವ ಮೊದಲು ಬೆನ್ನು ನೋಡಿ.

ಆಹಾರದ ಕೊರತೆ ಇನ್ನೊಂದು ಕಾರಣ. ನಮ್ಮ ಹಾಗೆ ಗಪ್ಪಿ, ಗೋಲ್ಡ್‌ಫಿಶ್‌ಗಳೂ ವಿಟಮಿನ್ ಸಿಯನ್ನು ತಾವೇ ತಯಾರಿಸಿಕೊಳ್ಳಲಾರವು. ಮರಿಯಿದ್ದಾಗ ಅದು ಸಾಲದೇ ಹೋದರೆ ಎಲುಬು ಗಟ್ಟಿಯಾಗದೆ ಬೆನ್ನು ಬಾಗುತ್ತದೆ. ಡಬ್ಬ ತೆರೆದಿಟ್ಟ ಕಾಳಿನಲ್ಲಿ ಈ ವಿಟಮಿನ್ ಬೇಗ ನಶಿಸುತ್ತದೆ. ಅಂಗಡಿಯಲ್ಲಿ ದೊಡ್ಡ ಮೂಟೆಯಿಂದ ಪ್ಲಾಸ್ಟಿಕ್ ಕವರಿಗೆ ಸುರಿದು ಕೊಡುವ ಅಗ್ಗದ ಕಾಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಚಿಕ್ಕ ಡಬ್ಬ ಕೊಳ್ಳಿ, ಒಂದೆರಡು ತಿಂಗಳಲ್ಲಿ ಮುಗಿಸಿ. ಆಗಿಹೋದ ಡೊಂಕು ಹಿಂದಕ್ಕೆ ಬರುವುದಿಲ್ಲ, ಬೇರೆ ಮೀನುಗಳಾದರೂ ಉಳಿಯುತ್ತವೆ.

ಇನ್ನು ನಿಜವಾಗಿ ಹೆದರಬೇಕಾದ ವಿಷಯ. ಡೊಂಕು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ತಿಂದರೂ ಮೀನು ಕೃಶವಾಗುತ್ತಿದ್ದರೆ, ಬಣ್ಣ ಮಾಸಿ ಮೈಮೇಲೆ ಹುಣ್ಣಾದರೆ, ತೊಟ್ಟಿಯಲ್ಲಿ ಆಗೊಂದು ಈಗೊಂದು ಮೀನು ಸಾಯುತ್ತಿದ್ದರೆ ಮೀನಿನ ಕ್ಷಯವನ್ನು ಅನುಮಾನಿಸಬೇಕು. ಇದನ್ನು ತರುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಮೈಕೋಬ್ಯಾಕ್ಟೀರಿಯಂ ಮರೈನಂ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಅಕ್ವೇರಿಯಂ ಒಂದರ ಸತ್ತ ಮೀನುಗಳಲ್ಲಿ ಮೊದಲು ಗುರುತಿಸಿದ್ದು. ಮೀನಿಗೆ ನೆಚ್ಚಬಹುದಾದ ಚಿಕಿತ್ಸೆ ಇಲ್ಲ. ಅಂಗಡಿಯ ಆಂಟಿಬಯಾಟಿಕ್ ಪುಡಿಗಳಿಗೆ ಹಣ ಸುರಿಯಬೇಡಿ.

ಇದು ಮನುಷ್ಯರ ಕೈಗೂ ಬರುತ್ತದೆ. ಶ್ವಾಸಕೋಶದ ಕ್ಷಯವಲ್ಲ, ಅದರ ದಾಯಾದಿ. ಸುಮಾರು 30 ಡಿಗ್ರಿ ಶಾಖ ಇದಕ್ಕೆ ಹಿತ. ಮೈಯೊಳಗಿನ 37 ಡಿಗ್ರಿ ಒಗ್ಗದ ಕಾರಣ ಹೆಚ್ಚಾಗಿ ತಣ್ಣಗಿರುವ ಬೆರಳು, ಮುಂಗೈ, ಮೊಣಕೈಗಳಲ್ಲೇ ಉಳಿಯುತ್ತದೆ. ತರಚಿದ ಕೈಯನ್ನು ತೊಟ್ಟಿಗೆ ಹಾಕಿದ ಎರಡು ಮೂರು ವಾರಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ, ಕೆಂಪು ಗಂಟೊಂದು ಏಳುತ್ತದೆ. ಅಷ್ಟು ನೋವಿಲ್ಲ, ವಾಸಿಯೂ ಆಗುವುದಿಲ್ಲ. ಕೆಲವರಲ್ಲಿ ಗಂಟುಗಳು ಸಾಲಾಗಿ ತೋಳಿನತ್ತ ಏರುತ್ತವೆ. ಆಗ ಚರ್ಮವೈದ್ಯರ ಬಳಿ ಹೋಗಿ, ಅವರು ಕೇಳದಿದ್ದರೂ ‘ಮನೆಯಲ್ಲಿ ಮೀನಿನ ತೊಟ್ಟಿ ಇದೆ’ ಎಂದು ಹೇಳಿ. ಈ ಒಂದು ಮಾತು ಹೇಳದೆ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡವರಿದ್ದಾರೆ. ಸರಿಯಾದ ಔಷಧಿಯನ್ನು ಕೆಲವು ತಿಂಗಳು ನುಂಗಿದರೆ ವಾಸಿಯಾಗುತ್ತದೆ, ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಕೈಗೆ ಗಾಯವಿದ್ದಾಗ ಉದ್ದನೆಯ ರಬ್ಬರ್ ಗ್ಲೌಸ್ ಹಾಕಿ. ಕೀಮೋಥೆರಪಿ ಪಡೆಯುತ್ತಿರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ತೊಟ್ಟಿ ತೊಳೆಯುವ ಕೆಲಸವನ್ನು ಬೇರೆಯವರಿಗೆ ಬಿಡಲಿ. ಹಾಗೆಯೇ, ನೀರು ಬದಲಿಸುವಾಗ ಪೈಪಿನ ತುದಿಗೆ ಬಾಯಿಟ್ಟು ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಅಗ್ಗದ ಕೈಪಂಪ್ ಸಿಗುತ್ತದೆ, ಕೊಂಡುಬಿಡಿ.

ನಿಮ್ಮ ಮೀನನ್ನು ಆಗಲೇ ತೊಟ್ಟಿಗೆ ಬಿಟ್ಟಾಗಿದೆ. ಪರವಾಗಿಲ್ಲ, ಒಂದು ಸ್ಪಂಜ್ ಫಿಲ್ಟರ್ ಇಟ್ಟ 15–20 ಲೀಟರಿನ ಟಬ್ಬಿಗೆ ಅದನ್ನು ವರ್ಗಾಯಿಸಿ ಒಂದು ತಿಂಗಳು ನೋಡಿ. ಆ ಟಬ್ಬಿನ ಬಲೆ, ಮಗ್ಗು ಬೇರೆಯೇ ಇರಲಿ. ಮುಂದಿನ ಸಲ ಕೊಳ್ಳುವಾಗ ಕವರನ್ನು ಬೆಳಕಿಗೆ ಹಿಡಿದು ಮೇಲಿನಿಂದಲೂ ಪಕ್ಕದಿಂದಲೂ ನೋಡಿ. ತೊಟ್ಟಿಯಲ್ಲಿ ಒಂದು ಮೀನು ಡೊಂಕಾಗಿದ್ದರೆ ಅದೊಂದನ್ನು ಬಿಟ್ಟು ಬೇರೆಯದು ಆರಿಸಿ. ಡೊಂಕಾದವು, ಬಡಕಲಾದವು ಹಲವಿದ್ದರೆ ಅಂಗಡಿಯನ್ನೇ ಬಿಟ್ಟು ಬನ್ನಿ.

ಪ್ರಶ್ನೆ: ಹೊಸದಾಗಿ ತಂದ ಒರಾಂಡಾ ಗೋಲ್ಡ್‌ಫಿಶ್‌ನ ಒಂದು ಬದಿಯ ಕಿವಿರಿನ ಮುಚ್ಚಳ ಹೊರಕ್ಕೆ ಸುರುಳಿಯಾಗಿದೆ, ಒಳಗಿನ ಕೆಂಪು ಕಾಣುತ್ತದೆ. ಆಪರೇಷನ್ ಮಾಡಿಸಬಹುದೇ?
- ಓದುಗರು, ಮೈಸೂರು

ಉತ್ತರ: ಲಕ್ಷಗಟ್ಟಲೆ ಬೆಲೆಯ ಅರೋವಾನಾಗಳಿಗೆ ಅರಿವಳಿಕೆ ಕೊಟ್ಟು ಸುರುಳಿಯ ಅಂಚನ್ನು ಕತ್ತರಿಸುವುದುಂಟು. ಅಲ್ಲಿ ವಾಸಿಯಾಗುವುದು ಮೀನಿನ ಕಷ್ಟಕ್ಕಿಂತ ಒಡೆಯನ ಕಣ್ಣಿನ ಕಷ್ಟ. ನಿಮ್ಮ ಒರಾಂಡಾಗೆ ಬೇಡ. ಮುಚ್ಚಳ ಗಿಡ್ಡವಾದ ಮೀನು ವರ್ಷಗಟ್ಟಲೆ ಬದುಕುತ್ತದೆ. ಆದರೆ ತೆರೆದ ಕಿವಿರಿಗೆ ರಕ್ಷಣೆ ಕಡಿಮೆ, ಕೊಳಕು ನೀರು ಅದಕ್ಕೆ ಮೊದಲು ತಾಗುತ್ತದೆ. ಅಮೋನಿಯಾ ಪರೀಕ್ಷೆಯ ಕಿಟ್ ತಂದಿಟ್ಟುಕೊಳ್ಳಿ, ಅಂಕಿ ಸೊನ್ನೆಯಲ್ಲೇ ಇರಬೇಕು. ವಾರಕ್ಕೆ ಮೂರನೇ ಒಂದು ಭಾಗ ನೀರು ಬದಲಿಸಿ, ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕಿ. ಕಿವಿರಿನ ಕೆಂಪು ಕಂದಿಗೆ ತಿರುಗಿದರೆ, ಮೀನು ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದರೆ ನೀರು ಬದಲಿಸಲು ತಡಮಾಡಬೇಡಿ.

ಪ್ರಶ್ನೆ: ಬಲೂನ್ ಮೋಲಿಗಳನ್ನು ತಂದಿದ್ದೇವೆ. ನೆಂಟರೊಬ್ಬರು ಅವು ಅಂಗವಿಕಲ ಮೀನುಗಳು ಎನ್ನುತ್ತಾರೆ. ಹೌದೇ?
- ಓದುಗರು, ಹುಬ್ಬಳ್ಳಿ

ಉತ್ತರ: ಹೌದು. ಬೆನ್ನುಮೂಳೆ ಕುಗ್ಗಿ ಬಾಗಿದ ಮೀನುಗಳನ್ನೇ ಆರಿಸಿ ಆರಿಸಿ ಬೆಳೆಸಿದ ತಳಿ ಅದು. ದುಂಡು ಹೊಟ್ಟೆಯೊಳಗೆ ಕರುಳು, ಗಾಳಿಚೀಲಗಳಿಗೆ ಜಾಗ ಸಾಲದು, ಅದಕ್ಕೇ ಮಲಬದ್ಧತೆ, ತಲೆಕೆಳಗಾಗಿ ತೇಲುವುದು ಹೆಚ್ಚು. ಬಾಯಿ ಪೂರ್ತಿ ಮುಚ್ಚಲಾರದ ಪ್ಯಾರಟ್ ಮೀನಿನದೂ ಇದೇ ಜಾತಿಯ ಕಥೆ. ಗಪ್ಪಿಯ ಡೊಂಕು ಕಂಡರೆ ದುಡ್ಡು ವಾಪಸ್ ಕೇಳುವ ನಾವು ಮೋಲಿಯ ಡೊಂಕಿಗೆ ಹೆಚ್ಚು ದುಡ್ಡು ಕೊಡುತ್ತೇವೆ. ತಂದಾಗಿದೆ, ಚೆನ್ನಾಗಿ ಸಾಕಿ: ಸ್ವಲ್ಪ ಸ್ವಲ್ಪವಾಗಿ ಊಟ, ವಾರಕ್ಕೊಂದು ಉಪವಾಸ, ಆಗಾಗ ಬೇಯಿಸಿ ಸಿಪ್ಪೆ ಸುಲಿದ ಬಟಾಣಿ. ಮತ್ತೆ ಕೊಳ್ಳಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಬೆನ್ನು ಬಾಗಿದ ನಮ್ಮ ಮೀನು ತಳದಲ್ಲೇ ಬಿದ್ದಿದೆ, ತಿಂದು ದಿನಗಳಾದವು. ಕೆರೆಗೆ ಬಿಡಬಹುದೇ?
- ಓದುಗರು, ತುಮಕೂರು

ಉತ್ತರ: ಬಿಡಬೇಡಿ. ಸಾಕಿದವರು ಹೀಗೆ ಬಿಟ್ಟ ಸಕ್ಕರ್ ಮೀನುಗಳು ನಮ್ಮ ಕೆರೆಗಳಲ್ಲಿ ಹಬ್ಬಿ ಬಲೆ ಹರಿಯುತ್ತಿವೆ. ರೋಗದ ಮೀನಾದರೆ ರೋಗವೂ ಕೆರೆ ಸೇರುತ್ತದೆ. ಇಷ್ಟು ಸೋತ ಮೀನಿಗೆ ನೋವಿಲ್ಲದ ಸಾವು ಕೊಡುವುದೇ ಸರಿ. ಗ್ರಂಥಿಗೆ ಅಂಗಡಿಯಲ್ಲಿ ಲವಂಗದ ಎಣ್ಣೆ ಸಿಗುತ್ತದೆ. ಎಣ್ಣೆ ನೀರಿನಲ್ಲಿ ಬೆರೆಯದು, ಆದ್ದರಿಂದ ಚಿಕ್ಕ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿನೊಡನೆ ಬೆಳ್ಳಗಾಗುವವರೆಗೆ ಕುಲುಕಿ. ಒಂದು ಲೀಟರ್ ತೊಟ್ಟಿ ನೀರಿಗೆ 0.4 ಮಿಲಿ ಎಣ್ಣೆಯ ಲೆಕ್ಕದಲ್ಲಿ ಬೆರೆಸಿ ಮೀನನ್ನು ಅದರಲ್ಲಿಡಿ. ಕಿವಿರಿನ ಚಲನೆ ನಿಂತ ಮೇಲೂ ಅರ್ಧ ಗಂಟೆ ತೆಗೆಯಬೇಡಿ. ತೊಟ್ಟಿಯಲ್ಲಿ ಬೇರೆ ಮೀನುಗಳೂ ಸಾಯುತ್ತಿದ್ದರೆ ಸತ್ತದ್ದನ್ನು ಫ್ರೀಜರಿಗೆ ಹಾಕದೆ ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ಪರೀಕ್ಷೆಗೆ ಒಯ್ಯಿರಿ; ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜನ್ನಾಗಲಿ ಮಂಗಳೂರಿನ ಮೀನುಗಾರಿಕೆ ಕಾಲೇಜನ್ನಾಗಲಿ ಮೊದಲೇ ಫೋನ್ ಮಾಡಿ ವಿಚಾರಿಸಿ. ಪರೀಕ್ಷೆ ಬೇಡವಾದರೆ ಕಾಗದದಲ್ಲಿ ಸುತ್ತಿ, ಬೆಕ್ಕು ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ಬೇರೆ ಮೀನುಗಳಿಗೆ ಆಹಾರವಾಗಿ ಹಾಕಬೇಡಿ, ಮೀನಿನ ಕ್ಷಯ ಹರಡುವ ದೊಡ್ಡ ದಾರಿ ಅದೇ.